ನಾಲಿಗೆಗೆ ತಾಗಿಸುವಷ್ಟು ಬಜೆ

ಮಗಳ ಬಾಣಂತನಕ್ಕೆಂದು ಅಮೆರಿಕದ ವಿಮಾನ ಹತ್ತುವ ಕನ್ನಡದ ಅಜ್ಜಿಯ ಪೆಟ್ಟಿಗೆಯಲ್ಲಿ ಅಂಟಿನುಂಡೆ, ಮೆಂತ್ಯದ ಹಿಟ್ಟು, ಹತ್ತಿಯ ಕುಲಾವಿಗಳ ಸಂದಿಯಲ್ಲಿ ಒಂದು ಪುಟ್ಟ ಗಂಟು ಇರುತ್ತದೆ. ಅಳಲೆಕಾಯಿ, ಜಾಯಿಕಾಯಿ, ಮಾಚಿಕಾಯಿ, ಒಣಶುಂಠಿ, ಅರಿಶಿನದ ಕೊಂಬು. ಜೊತೆಗೆ ಬೆರಳುದ್ದದ, ಗಿಣ್ಣುಗಿಣ್ಣಾದ, ಮೂಗಿಗೆ ಹಿಡಿದರೆ ತಲೆಗೇರುವ ಘಾಟಿನ ಒಂದು ಬೇರು. ಅದೇ ಬಜೆ. ತಾನು ಇಳಿಯಲಿರುವ ದೇಶ ಆ ಬೇರನ್ನೂ ಅದರ ಎಣ್ಣೆಯನ್ನೂ ಆಹಾರದಲ್ಲಿ ಸೇರಿಸಕೂಡದೆಂದು 1968ರಲ್ಲೇ ನಿಷೇಧಿಸಿದೆ ಎಂಬುದು ಅಜ್ಜಿಗೆ ತಿಳಿದಿರುವ ಸಂಭವ ಕಡಿಮೆ. ಅದೇ ಬೇರು ಭಾರತದ ಆಯುರ್ವೇದ ಫಾರ್ಮಕೋಪಿಯಾದಲ್ಲಿ ‘ವಚಾ’ ಎಂಬ ಹೆಸರಿನ ಅಧಿಕೃತ ಔಷಧ ಎಂಬುದು ಅಲ್ಲಿನ ಮಕ್ಕಳ ಡಾಕ್ಟರಿಗೆ ತಿಳಿದಿರುವ ಸಂಭವ ಇನ್ನೂ ಕಡಿಮೆ. ಮನೆಯೊಳಗೆ ಜಗಳ ಹತ್ತಿಕೊಂಡಾಗ ಒಬ್ಬರು ಪರಂಪರೆಯ ಪರ, ಇನ್ನೊಬ್ಬರು ವಿಜ್ಞಾನದ ಪರ ಎಂದು ನಿಂತುಬಿಡುತ್ತಾರೆ. ಬಜೆಯ ವಿಷಯ ಅಷ್ಟು ಸಲೀಸಾಗಿ ಎರಡು ಹೋಳಾಗುವುದಿಲ್ಲ.

ಬೇರು ಎನ್ನುವುದು ರೂಢಿಯ ಮಾತು. ಶುಂಠಿ, ಅರಿಶಿನಗಳಂತೆ ಇದೂ ನೆಲದೊಳಗೆ ಅಡ್ಡಡ್ಡ ಹರಿಯುವ ಕಾಂಡ. ನೀರು ನಿಂತ ಜೌಗು ಇದಕ್ಕೆ ಇಷ್ಟ. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ರೈತರು ಭತ್ತಕ್ಕೆ ಮಾಡುವ ಹಾಗೆಯೇ ಗದ್ದೆ ಕೆಸರು ಮಾಡಿ ಬಜೆಯ ತುಂಡುಗಳನ್ನು ನೆಡುತ್ತಾರೆ. ಸುಮಾರು ವರ್ಷ ತುಂಬಿದ ಮೇಲೆ ಕಿತ್ತು, ತೊಳೆದು, ಕತ್ತರಿಸಿ, ಒಣಗಿಸಿ, ಗೋಣಿತಾಟಿನಲ್ಲಿ ಉಜ್ಜಿ ನಾರು ಬಿಡಿಸುತ್ತಾರೆ. ಮಲೆನಾಡಿನ ಹಿತ್ತಿಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಕತ್ತಿಯಂಥ ಎಲೆಗಳ ಒಂದು ಹಿಂಡು ಕಂಡರೆ, ಎಲೆ ಮುರಿದು ಮೂಸಿ ನೋಡಿ, ಯಾರನ್ನೂ ಕೇಳಬೇಕಾಗಿಲ್ಲ.

ಶಾಸ್ತ್ರದ ಮಟ್ಟಿಗೆ ಬಜೆಗೆ ದೊಡ್ಡ ಮರ್ಯಾದೆ ಇದೆ. ಚರಕ ಸಂಹಿತೆ ಇದನ್ನು ಸಂಜ್ಞಾಸ್ಥಾಪನ ಗಣದಲ್ಲಿ, ಅಂದರೆ ತಪ್ಪಿದ ಎಚ್ಚರವನ್ನು ಮರಳಿಸುವ ಮದ್ದುಗಳ ಗುಂಪಿನಲ್ಲಿ, ಇಂಗಿನ ಜೊತೆ ಕೂರಿಸಿದೆ. ಹುಟ್ಟಿದ ಮಗುವಿಗೆ ಚಿನ್ನದ ಪುಡಿಯೊಂದಿಗೆ ನೆಕ್ಕಿಸುವ ಸುಶ್ರುತನ ಯೋಗಗಳಲ್ಲೂ ಇದು ಬರುತ್ತದೆ. ಬುದ್ಧಿಗೆ, ಮಾತಿಗೆ ಎಂದು ಕೊಡುವ ಸಾರಸ್ವತ ಚೂರ್ಣದಲ್ಲಿ ಉಳಿದ ಎಲ್ಲ ದ್ರವ್ಯಗಳ ಒಟ್ಟು ತೂಕಕ್ಕೆ ಸಮನಾಗಿ ಬಜೆಯೊಂದನ್ನೇ ಹಾಕಿ, ಬ್ರಾಹ್ಮಿಯ ರಸದಲ್ಲಿ ಅರೆಯುತ್ತಾರೆ. ಸಾರಸ್ವತಾರಿಷ್ಟದಲ್ಲೂ ಚಂದ್ರಪ್ರಭಾ ವಟಿಯಲ್ಲೂ ಇದಕ್ಕೆ ಪಾಲುಂಟು. ಮನೆಯ ಬಳಕೆ ಇದಕ್ಕಿಂತ ಸರಳ: ಹರಳೆಣ್ಣೆಯ ದೀಪದಲ್ಲಿ ಬಜೆಯ ತುದಿ ಸುಟ್ಟು, ತೇಯುವ ಕಲ್ಲಿನ ಮೇಲೆ ಎದೆಹಾಲಿನಲ್ಲೋ ಜೇನಿನಲ್ಲೋ ಒಂದೆರಡು ಸುತ್ತು ತೇದು, ಬೆರಳಲ್ಲಿ ತೆಗೆದು ಮಗುವಿನ ನಾಲಿಗೆಗೆ ಸವರುವುದು. ಹೊಟ್ಟೆ ಉಬ್ಬರ ಇಳಿಯುತ್ತದೆ, ನಿದ್ದೆ ಬರುತ್ತದೆ, ಮುಂದೆ ಮಾತು ತೊದಲುವುದಿಲ್ಲ ಎಂಬ ನಂಬಿಕೆ. ದೊಡ್ಡವರು ಗಂಟಲು ಕಟ್ಟಿದಾಗ, ಕಫ ಹಿಡಿದಾಗ ಒಂದು ಚೂರನ್ನು ದವಡೆಯಲ್ಲಿ ಇಟ್ಟುಕೊಳ್ಳುತ್ತಾರೆ. ಹಾಡುವವರಲ್ಲಿ ಈ ಅಭ್ಯಾಸ ಹೆಚ್ಚು.

ಇದೆಲ್ಲ ಬರೀ ನಂಬಿಕೆ ಎಂದು ತಳ್ಳಿಹಾಕುವವರು ಒಂದು ಸಂಗತಿ ನೋಡಬೇಕು. 1950ರ ದಶಕದ ಕೊನೆಯಿಂದ ಪಿ. ಸಿ. ದಾಂಡಿಯಾ ಎಂಬ ಭಾರತೀಯ ಔಷಧವಿಜ್ಞಾನಿ, ಮೊದಲು ಕೆನಡಾದಲ್ಲಿ ಆಮೇಲೆ ಜೈಪುರದಲ್ಲಿ, ಬಜೆಯ ಎಣ್ಣೆಯನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದರು. ಇಲಿಗಳು ಶಾಂತವಾದವು, ನಿದ್ದೆಯ ಔಷಧ ಕೊಟ್ಟ ಪ್ರಾಣಿಗಳ ನಿದ್ದೆ ಇನ್ನೂ ಉದ್ದವಾಯಿತು, ಬಿಗಿದ ಸ್ನಾಯು ಸಡಿಲಗೊಂಡಿತು. ಹೊಟ್ಟೆಯ ಸೆಡೆತಕ್ಕೆ ಬಜೆ ಎಂಬ ಮಾತಿಗೆ ಇಲ್ಲಿ ಒಂದು ಆಧಾರ ಸಿಕ್ಕಿತು. ಮುಂದೆ ಜಾಮ್‌ನಗರದ ಗುಜರಾತ್ ಆಯುರ್ವೇದ ವಿಶ್ವವಿದ್ಯಾಲಯದವರು ಹಸಿ ಬಜೆಯನ್ನೂ ಶಾಸ್ತ್ರೋಕ್ತವಾಗಿ ಶೋಧಿಸಿದ, ಅಂದರೆ ಶುದ್ಧಿ ಮಾಡಿದ, ಬಜೆಯನ್ನೂ ಇಲಿಗಳಲ್ಲಿ ಹೋಲಿಸಿ, ಎರಡೂ ಸೆಳವನ್ನು ತಗ್ಗಿಸುವುದನ್ನು ಕಂಡರು. ಅಂದಮೇಲೆ ಚರಕನ ಗಣ ಹಾರಿಕೆಯ ಮಾತೇನೂ ಆಗಿರಲಿಲ್ಲ. ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಮಾತ್ರ ಬಡಪಾಯಿಗಳು. ಆತಂಕಕ್ಕೆ, ಮರೆವಿಗೆ ಎಂದು ಕೆಲವು ನಡೆದಿವೆ. ಹೆಚ್ಚಿನವು ಸಣ್ಣ ಗುಂಪಿನವು, ಹೋಲಿಸಿ ನೋಡಲು ಬೇರೆ ಗುಂಪೂ ಇಲ್ಲದವು. ಬಜೆ ತಿಂದ ಮಗು ಬೇಗ ಮಾತಾಡುತ್ತದೆ ಎಂಬುದಕ್ಕಂತೂ ಪುರಾವೆ ಇಲ್ಲ.

ಈಗ ಇನ್ನೊಂದು ಮಗ್ಗುಲು. ಬಜೆಗೆ ಆ ಘಾಟು, ಆ ಗುಣ ಎರಡನ್ನೂ ಕೊಡುವುದು ಅದರ ಎಣ್ಣೆ. ಆ ಎಣ್ಣೆಯ ಮುಖ್ಯ ಪದಾರ್ಥ ಬೀಟಾ ಅಸರೋನ್. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ಜಮ್ಮುವಿನಿಂದ ತರಿಸಿದ ಬಜೆ ಎಣ್ಣೆಯನ್ನು ಇಲಿಗಳ ಆಹಾರದಲ್ಲಿ ಬೆರೆಸಿ ದೀರ್ಘಕಾಲ ತಿನ್ನಿಸಿದರು: ಕಿಲೋ ಆಹಾರಕ್ಕೆ 500 ಮಿಲಿಗ್ರಾಂನಿಂದ 5000 ಮಿಲಿಗ್ರಾಂವರೆಗೆ. ಇಲಿಗಳ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಗಡ್ಡೆಗಳು ಎದ್ದವು. 1967ರಲ್ಲಿ ಈ ಫಲಿತಾಂಶ ಹೊರಬಿತ್ತು, ಮರುವರ್ಷವೇ ನಿಷೇಧ ಬಂತು. 1987ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ನನ್ನ ಮಟ್ಟಿಗೆ ಇದಕ್ಕಿಂತ ಕಳವಳದ್ದು. ಅದರಲ್ಲಿ ಅಸರೋನನ್ನು ಕೊಟ್ಟದ್ದು ಇನ್ನೂ ತಾಯಿಯ ಹಾಲು ಕುಡಿಯುತ್ತಿದ್ದ ಇಲಿಮರಿಗಳಿಗೆ, ಚುಚ್ಚುಮದ್ದಿನ ರೂಪದಲ್ಲಿ. ಬೆಳೆದ ಮೇಲೆ ಅವುಗಳ ಯಕೃತ್ತಿನಲ್ಲಿ ಗಡ್ಡೆ ಕಾಣಿಸಿತು. ಕೆಲವೇ ದಿನ ಕೊಟ್ಟದ್ದಕ್ಕೆ ಕೂಲಿ ತಡವಾಗಿ ಬಂದಿತ್ತು. ನಾವು ಬಜೆ ತೇಯುವುದೂ ಮೊಲೆಹಾಲು ಬಿಡದ ವಯಸ್ಸಿಗೇ.

ಎಲ್ಲ ಬಜೆಯೂ ಒಂದೇ ಅಲ್ಲ ಎಂಬುದು ಈ ವಾದದಲ್ಲಿ ಸದಾ ಮರೆಯಾಗುವ ಅಂಶ. ಗಿಡದ ವರ್ಣತಂತುಗಳ ಸಂಖ್ಯೆ ಬೇರೆಯಾದಂತೆ ಎಣ್ಣೆಯ ಸ್ವಭಾವವೂ ಬೇರೆಯಾಗುತ್ತದೆ. ಉತ್ತರ ಅಮೆರಿಕದ ಮೂಲ ತಳಿಯಲ್ಲಿ ಬೀಟಾ ಅಸರೋನ್ ಇಲ್ಲವೇ ಇಲ್ಲ. ಅಲ್ಲಿನ ಮೂಲನಿವಾಸಿಗಳು ತಲೆತಲಾಂತರದಿಂದ ಅಗಿದದ್ದು ಅದನ್ನೇ. ಯುರೋಪಿನ ತಳಿಯಲ್ಲಿ ಸ್ವಲ್ಪ ಇದೆ. ಭಾರತದ್ದರಲ್ಲಿ ಹೆಚ್ಚು, ಎಣ್ಣೆಯ ಮುಕ್ಕಾಲು ಪಾಲು, ಕೆಲವು ತಳಿಗಳಲ್ಲಿ ಅದಕ್ಕೂ ಮಿಗಿಲು. ಹೀಗಾಗಿ ಅಮೆರಿಕದ ನಿಷೇಧ ತನ್ನದೇ ನೆಲದ ನಿರಪಾಯದ ಗಿಡವನ್ನೂ ಸೇರಿಸಿ ಹೊಡೆಯಿತು ಎಂದು ಅಲ್ಲಿನ ಗಿಡಮೂಲಿಕೆಯವರು ಗೊಣಗುವುದರಲ್ಲಿ ಅರ್ಥವಿದೆ. ನಮಗೆ ಆ ಗೊಣಗಾಟದ ಆಸರೆ ಇಲ್ಲ. ಆ ಇಲಿಗಳು ತಿಂದದ್ದು ನಮ್ಮ ಬಜೆಯ ಎಣ್ಣೆಯನ್ನು.

ಯುರೋಪು ಪೂರ್ತಿ ಬಾಗಿಲು ಹಾಕಲಿಲ್ಲ. ಕಹಿ ಮದ್ಯಗಳಿಗೆ ಬಜೆಯ ಪರಿಮಳ ಬೇಕೇ ಬೇಕು ಎಂಬ ಅವರ ಹಳೆಯ ಚಟಕ್ಕೆ ಮಣಿದು, ಮದ್ಯದಲ್ಲಿ ಕಿಲೋಗೆ 1 ಮಿಲಿಗ್ರಾಂ ಬೀಟಾ ಅಸರೋನ್ ದಾಟಬಾರದೆಂಬ ಗೆರೆ ಎಳೆದರು. ಗಿಡಮೂಲಿಕೆ ಔಷಧಗಳಿಗೆ ಅಲ್ಲಿನ ಔಷಧ ಸಂಸ್ಥೆಯ ಸಮಿತಿ 2005ರಲ್ಲಿ ದೊಡ್ಡವರಿಗೆ ದಿನಕ್ಕೆ ಸುಮಾರು 115 ಮೈಕ್ರೋಗ್ರಾಂ, ಅಂದರೆ ದೇಹತೂಕದ ಕಿಲೋಗೆ 2 ಮೈಕ್ರೋಗ್ರಾಂನ ಆಸುಪಾಸು, ತಾತ್ಕಾಲಿಕ ಮಿತಿ ಎಂದಿತು.

ಈ ಅಂಕಿಗಳನ್ನು ನಮ್ಮ ಮನೆಯ ಬಜೆಗೆ ಹಚ್ಚಿ ನೋಡೋಣ. ಆಯುರ್ವೇದ ಫಾರ್ಮಕೋಪಿಯಾ ಬಜೆಯ ಪುಡಿಗೆ ಹೇಳುವ ಪ್ರಮಾಣ 60ರಿಂದ 120 ಮಿಲಿಗ್ರಾಂ. ವಾಂತಿ ಮಾಡಿಸಬೇಕಿದ್ದರೆ 1ರಿಂದ 2 ಗ್ರಾಂ. ಎಣ್ಣೆ ಕನಿಷ್ಠ ಶೇಕಡಾ 2 ಇರಬೇಕು ಎಂಬುದೂ ಅದರದೇ ಕಟ್ಟಳೆ. ಮೊದಲು ಬಜೆಯ ಪರವಾಗಿ ಲೆಕ್ಕ ಹಾಕುತ್ತೇನೆ. ಇಲಿ ದಿನಕ್ಕೆ ತನ್ನ ತೂಕದ ಇಪ್ಪತ್ತರಲ್ಲಿ ಒಂದು ಪಾಲು ತಿನ್ನುತ್ತದೆ ಎಂದು ಹಿಡಿದರೆ, ಅತಿ ಕಡಿಮೆ ತಿಂದ ಗುಂಪಿನ ಇಲಿಗೂ ದೇಹತೂಕದ ಕಿಲೋಗೆ ದಿನಕ್ಕೆ 25 ಮಿಲಿಗ್ರಾಂ ಎಣ್ಣೆ ಹೋಯಿತು. 60 ಕಿಲೋ ತೂಗುವ ಮನುಷ್ಯ ಅದಕ್ಕೆ ಸಾಟಿಯಾಗಬೇಕಾದರೆ ದಿನಾ ಒಂದೂವರೆ ಗ್ರಾಂ ಎಣ್ಣೆ ಕುಡಿಯಬೇಕು; ಅಷ್ಟು ಎಣ್ಣೆಗೆ 75 ಗ್ರಾಂ ಒಣಬಜೆ ಬೇಕು. ಎರಡು ಗ್ರಾಂಗೇ ವಾಂತಿಯಾಗುವ ಪದಾರ್ಥವನ್ನು 75 ಗ್ರಾಂ ತಿಂದು ಹೊಟ್ಟೆಯಲ್ಲಿ ಉಳಿಸಿಕೊಳ್ಳುವ ಗಂಡು ಹುಟ್ಟಿಲ್ಲ. 60 ಮಿಲಿಗ್ರಾಂ ಪುಡಿಯಲ್ಲಿ ಇರುವ ಎಣ್ಣೆ 1.2 ಮಿಲಿಗ್ರಾಂ, ಇಲಿಯ ಲೆಕ್ಕದ ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ವೈದ್ಯರು ಗದರಿಸಿದಾಗ ಅಜ್ಜಿಗೆ ಈ ಗಣಿತ ಗೊತ್ತಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಈಗ ವಿರುದ್ಧದ ಲೆಕ್ಕ. ಅದೇ 1.2 ಮಿಲಿಗ್ರಾಂ ಎಣ್ಣೆಯ ಮುಕ್ಕಾಲು ಪಾಲು ಬೀಟಾ ಅಸರೋನ್ ಎಂದರೆ 900 ಮೈಕ್ರೋಗ್ರಾಂ ಆಯಿತು. ಯುರೋಪಿನ ಮಿತಿಯ ಸುಮಾರು ಎಂಟು ಪಟ್ಟು. ಒಂದೇ ಚಿಟಿಕೆ ಪುಡಿ ಒಂದು ಲೆಕ್ಕದಲ್ಲಿ ಸಾವಿರ ಪಟ್ಟು ಸುರಕ್ಷಿತ, ಇನ್ನೊಂದರಲ್ಲಿ ಎಂಟು ಪಟ್ಟು ಅತಿ. ಎರಡೂ ಸುಳ್ಳಲ್ಲ. ಜೀವಕೋಶದ ಡಿಎನ್‌ಎಗೇ ಕೈ ಹಾಕುವ ಪದಾರ್ಥ ಎಂಬ ಶಂಕೆ ಬಂದಾಗ, ಇಂತಿಷ್ಟರ ಕೆಳಗೆ ಅಪಾಯ ಸೊನ್ನೆ ಎಂದು ವಿಜ್ಞಾನಿಗಳು ಬರೆದುಕೊಡುವುದಿಲ್ಲ. ಪ್ರಾಣಿಗೆ ಹಾನಿಯಾದ ಪ್ರಮಾಣದಿಂದ ಸಾವಿರಾರು ಪಟ್ಟು ಕೆಳಗಿಳಿದು ಗೆರೆ ಎಳೆಯುತ್ತಾರೆ. ಆ ಗೆರೆ ದಾಟಿದವರಿಗೆಲ್ಲ ರೋಗ ಬರುತ್ತದೆಂದು ಅದರರ್ಥವಲ್ಲ. ದಾಟಲು ಒಳ್ಳೆಯ ಕಾರಣ ಇರಲಿ ಎಂದಷ್ಟೇ. ಹಾಗಾಗಿ ಪ್ರಶ್ನೆ ಸ್ವಲ್ಪ ಸರಿಯುತ್ತದೆ: ಗೆರೆ ದಾಟುವಷ್ಟು ಲಾಭ ಯಾರಿಗಿದೆ?

ಕೂಸಿನಿಂದಲೇ ಶುರುಮಾಡೋಣ, ಜಗಳ ಅಲ್ಲೇ ಹುಟ್ಟುವುದರಿಂದ. ನಾಲ್ಕು ಕಿಲೋ ತೂಗುವ ಮಗುವಿಗೆ ಆ ಮಿತಿ ದಿನಕ್ಕೆ 8 ಮೈಕ್ರೋಗ್ರಾಂಗೆ ಇಳಿಯುತ್ತದೆ. ಕಲ್ಲಿನ ಮೇಲೆ ತೇದಾಗ 10 ಮಿಲಿಗ್ರಾಂ ಬಜೆ ಸವೆಯಿತು ಎಂದು ಅಂದಾಜಿಗೆ ಹಿಡಿಯಿರಿ. ಅದರಲ್ಲಿ 150 ಮೈಕ್ರೋಗ್ರಾಂ ಬೀಟಾ ಅಸರೋನ್ ಇರಬಹುದು. ದೀಪಕ್ಕೆ ಹಿಡಿದು ಸುಡುವ ಪದ್ಧತಿ ಇಲ್ಲಿ ಅಜ್ಜಿಯ ನೆರವಿಗೆ ಬರುತ್ತದೆ. ಎಣ್ಣೆ ಆವಿಯಾಗುವ ಜಾತಿಯದ್ದು, ಬೆಂಕಿ ತಾಗಿದರೆ ಒಂದಷ್ಟು ಹಾರಿಹೋಗುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಹಾರಿತೆಂದೇ ಇಟ್ಟುಕೊಂಡರೂ ಉಳಿದದ್ದು ಮಿತಿಯ ಎರಡು ಪಟ್ಟಿನ ಹತ್ತಿರ. ಎಷ್ಟು ಸುಟ್ಟರು, ಎಷ್ಟು ಸುತ್ತು ತೇದರು, ಬೆರಳಿಗೆ ಎಷ್ಟು ಬಂತು ಎಂಬುದು ಕೈಯಿಂದ ಕೈಗೆ, ದಿನದಿಂದ ದಿನಕ್ಕೆ ಬೇರೆ. ‘ನಾಲಿಗೆಗೆ ತಾಗಿಸುವಷ್ಟು’ ಎಂಬುದು ಅಕ್ಕರೆಯ ಅಳತೆ. ಔಷಧದ ಅಳತೆ ಅಲ್ಲ.

ಇನ್ನು ಲಾಭ. ಎಳೆಗೂಸು ಸಂಜೆಯ ಹೊತ್ತಿಗೆ ಕಾಲು ಮಡಿಚಿ ಗಂಟೆಗಟ್ಟಲೆ ಅಳುವುದು ಹುಟ್ಟಿ ಆರು ವಾರದ ಸುಮಾರಿಗೆ ಹೆಚ್ಚಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ನಿಲ್ಲುತ್ತದೆ. ಈ ನಡುವೆ ಏನು ಕೊಟ್ಟವರಿಗೂ ತಮ್ಮ ಮದ್ದೇ ನಾಟಿತು ಎನ್ನಿಸುವುದು ಸಹಜ. ಬಜೆಯ ಜೊತೆ ಕಲ್ಲಿನ ಮೇಲೆ ತೇಯುವ ಜಾಯಿಕಾಯಿಯೂ ಮಂಪರು ತರುವಂಥದ್ದೇ. ಮಗು ಚೆನ್ನಾಗಿ ಮಲಗಿತು ಎಂದಾಗ ಹೊಟ್ಟೆನೋವು ಹೋಯಿತೋ, ಅಳುವ ಶಕ್ತಿ ಹೋಯಿತೋ ಎಂದು ಕೇಳುವುದು ಸ್ವಲ್ಪ ಕ್ರೂರ. ಆದರೂ ಕೇಳಬೇಕಾದ ಮಾತು. ಅದರ ಮೇಲೆ ಜೇನು. ಬಜೆಗಿಂತ ಮೊದಲು ನಿಲ್ಲಿಸಬೇಕಾದದ್ದು ಅದನ್ನು. ಜೇನಿನಲ್ಲಿ ಅಡಗಿರಬಹುದಾದ ಬಾಟುಲಿನಂ ಬ್ಯಾಕ್ಟೀರಿಯಾದ ಬೀಜಕಣಗಳು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುವ ವಿಷ ಮಾಡಬಲ್ಲವು, ವಿರಳವಾದರೂ ಮಾರಣಾಂತಿಕವಾಗಬಹುದು. ತೊಳೆಯದ ಕಲ್ಲು, ಕುದಿಸದ ನೀರು ತರುವ ಭೇದಿಯನ್ನು ಬೇರೆ ಹೇಳಬೇಕಾಗಿಲ್ಲ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಂಥವನ್ನೆಲ್ಲ ನೋಡಿಯೇ. ಬಜೆಯ ಮಣಿ ಪೋಣಿಸಿ ಕೈಗೆ ಕಟ್ಟುವವರೂ ಇದ್ದಾರೆ. ಆ ಮಣಿ ಬಾಯಿಗೆ ಹೋಗದ ದಿನವಿಲ್ಲ. ದಾರ ಹರಿದರೆ ಗಂಟಲಿಗೂ ಹೋಗಬಹುದು.

ಪರಂಪರೆ ಈ ವಿಷಯದಲ್ಲಿ ಕಣ್ಣುಮುಚ್ಚಿ ಕೂತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮಕ್ಕಳ ವೈದ್ಯಕ್ಕೆಂದೇ ಇರುವ ಕಾಶ್ಯಪ ಸಂಹಿತೆ ಲೇಹದ ಬಗ್ಗೆ ಒಂದು ಅಧ್ಯಾಯವನ್ನೇ ಇಟ್ಟಿದೆ. ಯಾವ ಮಗುವಿಗೆ ನೆಕ್ಕಿಸಬೇಕು ಎನ್ನುವುದರ ಜೊತೆಗೆ ಯಾವ ಮಗುವಿಗೆ ನೆಕ್ಕಿಸಬಾರದು ಎಂಬುದನ್ನೂ ಅಲ್ಲಿ ಉದ್ದಕ್ಕೆ ಹೇಳಿದೆ. ಜ್ವರ, ಅತಿಸಾರದ ಮಕ್ಕಳು ಬೇಡದವರ ಸಾಲಿನಲ್ಲಿದ್ದಾರೆ. ನಮ್ಮ ಮನೆಗಳಲ್ಲಿ ತಲೆಕೆಳಗು: ಮಗುವಿಗೆ ಜ್ವರ ಬಂದರೆ, ಭೇದಿ ಹತ್ತಿದರೆ ಮೊದಲು ಬಜೆ. ವೈದ್ಯರ ಶೋಧನ ಕ್ರಮದಲ್ಲೂ ಬಜೆಯನ್ನು ಗೋಮೂತ್ರದಲ್ಲಿ, ಆಮೇಲೆ ಗಿಡಮೂಲಿಕೆಗಳ ಕಷಾಯಗಳಲ್ಲಿ ಬೇಯಿಸಿ, ಕೊನೆಗೆ ಸುಗಂಧದ್ರವ್ಯಗಳ ನೀರಿನ ಹಬೆಯಲ್ಲಿ ಇಡುತ್ತಾರೆ. ಹೊತ್ತುಗಟ್ಟಲೆ ಬೇಯಿಸಿದರೆ ಹಾರುವ ಎಣ್ಣೆ ತಗ್ಗುತ್ತದೆ ಎಂಬುದು ಅಡುಗೆಮನೆಯಲ್ಲೂ ಗೊತ್ತಿರುವ ವಿಚಾರ. ಬೀಟಾ ಅಸರೋನ್ ಎಂಬ ಹೆಸರಿಲ್ಲದ ಕಾಲದಲ್ಲೇ ಇದನ್ನು ಹಸಿಯಾಗಿ ಕೊಡಬಾರದು ಎಂದು ಯಾರಿಗೋ ಹೊಳೆದಿತ್ತು. ಮಕ್ಕಳಿಗೆ ಚಿನ್ನ ಬೆರೆಸಿದ ಹನಿ ಹಾಕುವ ಸ್ವರ್ಣಪ್ರಾಶನದ ಬಜೆಯಂತೂ ಇನ್ನೂ ಗೋಜಲು. ‘ಶ್ವೇತ ವಚಾ’ ಎಂದಾಗ ಕೆಲವು ವೈದ್ಯರು ಹಿಮಾಲಯದ ಬೇರೆಯೇ ಗಿಡವೊಂದನ್ನು ಹೇಳುತ್ತಾರೆ. ಪುಷ್ಯ ನಕ್ಷತ್ರದ ದಿನ ಸಾಲಿನಲ್ಲಿ ನಿಂತ ತಾಯಂದಿರು ಹನಿಯೊಳಗೆ ಯಾವುದಿದೆ ಎಂದು ಕೇಳಿದರೆ ತಪ್ಪಿಲ್ಲ.

‘ಸಾವಿರಾರು ವರ್ಷದಿಂದ ಕೊಟ್ಟಿದ್ದೇವೆ, ಯಾರಿಗೆ ಏನಾಗಿದೆ?’ ಎಂಬ ಮಾತಿಗೆ ಬೆಲೆ ಇದೆ, ಮಿತಿಯೂ ಇದೆ. ತಿಂದ ಕೂಡಲೇ ಆಗುವ ಕೆಡುಕನ್ನು ಅನುಭವ ಹಿಡಿಯುತ್ತದೆ. ಬಜೆ ಹೆಚ್ಚಾದರೆ ವಾಂತಿ ಎಂಬುದನ್ನು ಯಾವ ಪ್ರಯೋಗಾಲಯವೂ ಕಲಿಸಬೇಕಾಗಿರಲಿಲ್ಲ. ಅಮೆರಿಕದಲ್ಲಿ ಅಮಲೇರುತ್ತದೆಂಬ ಗಾಳಿಮಾತು ನಂಬಿ ಬಜೆ ತಿಂದು, ಗಂಟೆಗಟ್ಟಲೆ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ ತರುಣರ ಕಥೆಗಳು ವೈದ್ಯಪತ್ರಿಕೆಗಳಲ್ಲಿವೆ. ನಮ್ಮ ಅಜ್ಜಿಯರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು. ನಲವತ್ತು ವರ್ಷ ಬಿಟ್ಟು ಸಾವಿರಕ್ಕೊಬ್ಬರಲ್ಲಿ ಬರುವ ರೋಗವನ್ನು ಮಾತ್ರ ಯಾವ ಅಜ್ಜಿಯ ನೆನಪೂ ತೇಯುವ ಕಲ್ಲಿಗೆ ಗಂಟು ಹಾಕಲಾರದು. ಇತ್ತ ‘ಬಜೆ ತಿಂದರೆ ಕ್ಯಾನ್ಸರ್’ ಎಂದು ವಾಟ್ಸ್‌ಆಪ್‌ನಲ್ಲಿ ಸಾರುವವರೂ ಒಂದನ್ನು ಒಪ್ಪಬೇಕು. ಬಜೆಯಿಂದಲೇ ಮನುಷ್ಯನಿಗೆ ಕ್ಯಾನ್ಸರ್ ಬಂತು ಎಂದು ತೋರಿಸಿದವರಿಲ್ಲ. ಇಲಿಯ ಕರುಳಿನಿಂದ ಮನುಷ್ಯನ ಕರುಳಿಗೆ ಜಿಗಿಯುವಾಗ ನಡುವೆ ದೊಡ್ಡ ಕಂದಕವಿದೆ.

ದೊಡ್ಡವರ ಪಾಲಿಗೆ ತಕ್ಕಡಿ ಬೇರೆ ಕಡೆ ವಾಲುತ್ತದೆ. ಗಂಟಲು ಕಟ್ಟಿದ ಎರಡು ದಿನ ಒಂದು ಚೂರು ಚೀಪುವ ಗಾಯಕನನ್ನೋ, ವೈದ್ಯರು ತೂಕಮಾಡಿ ಕೊಟ್ಟ ಚೂರ್ಣವನ್ನು ಕೆಲವು ವಾರ ತೆಗೆದುಕೊಳ್ಳುವ ರೋಗಿಯನ್ನೋ ಹೆದರಿಸಲು ನನಗೆ ಮನಸ್ಸಿಲ್ಲ. ಕಡಿಮೆ ಪ್ರಮಾಣ, ಕಡಿಮೆ ದಿನ, ಶೋಧಿಸಿದ ದ್ರವ್ಯ, ಕೇಳುವುದಕ್ಕೆ ಒಬ್ಬ ವೈದ್ಯ. ಇಷ್ಟಿದ್ದರೆ ಅಪಾಯದ ಪಾಲು ಚಿಕ್ಕದು. ಗರ್ಭಿಣಿಯರು ಬೇಡವೇ ಬೇಡ. ನಿದ್ದೆಯ ಮಾತ್ರೆ, ಅಪಸ್ಮಾರದ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ತಿಳಿಸದೆ ಮುಟ್ಟಬಾರದು. ಮಂಪರಿನ ಮೇಲೆ ಮಂಪರು ಏರುವುದನ್ನು ದಾಂಡಿಯಾ ಅವರ ಪ್ರಾಣಿಗಳು ಆಗಲೇ ತೋರಿಸಿವೆ. ಜ್ಞಾಪಕಶಕ್ತಿಗೆಂದು ಪರೀಕ್ಷೆಯ ವರ್ಷವಿಡೀ ಮಕ್ಕಳಿಗೆ ಬಜೆ ಬೆರೆತ ಪುಡಿ ತಿನ್ನಿಸುವುದಕ್ಕೆ ಮಾತ್ರ ನನ್ನ ವಿರೋಧವಿದೆ. ಲಾಭ ಅನುಮಾನದ್ದು, ಅವಧಿ ಉದ್ದ, ವಯಸ್ಸು ಎಳೆಯದು.

ಬಜೆಗೆ ನಿಶ್ಚಿಂತೆಯಿಂದ ಕೊಡಬಹುದಾದ ಕೆಲಸವೂ ಒಂದಿದೆ. ಕಾಳಿನ ಡಬ್ಬಿಯಲ್ಲಿ ಬಜೆಯ ತುಂಡು ಹಾಕಿಡುವುದು ಹಳ್ಳಿಗಳಲ್ಲಿ ಹಳೆಯ ರೂಢಿ. ಹೆಣ್ಣುಹುಳುಗಳ ಅಂಡಾಶಯ ಬೆಳೆಯದಂತೆ ತಡೆಯುವ ಪದಾರ್ಥ ಬಜೆಯಲ್ಲಿದೆ ಎಂದು ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದವರು 1977ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆ ಪದಾರ್ಥವೂ ಅಸರೋನೇ. ಬಿತ್ತನೆಯ ಬೀಜಕ್ಕೆ ಇದಕ್ಕಿಂತ ಒಳ್ಳೆಯ ಕಾವಲು ಹುಡುಕುವುದು ಕಷ್ಟ. ತಿನ್ನುವ ಕಾಳಾದರೆ ತೊಳೆದು ಬಳಸಿದರಾಯಿತು.

ಸರ್ಕಾರದ ಕಡೆಯಿಂದ ಆಗಬೇಕಾದ್ದು ಒಂದಿದೆ. ನಮ್ಮ ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ ವತ್ಸನಾಭ, ದತ್ತೂರಿ, ಗುಲಗಂಜಿ, ಗೇರುಬೀಜದ ನಂಟಿನ ಭಲ್ಲಾತಕಗಳ ಹೆಸರಿದೆ. ಅವು ಸೇರಿದ ಔಷಧದ ಮೇಲೆ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಿ ಎಂಬ ಎಚ್ಚರಿಕೆ ಅಚ್ಚಾಗಬೇಕು. ಬಜೆ ಆ ಪಟ್ಟಿಯಲ್ಲಿಲ್ಲ. ಅದನ್ನು ವತ್ಸನಾಭದ ಪಕ್ಕ ಕೂರಿಸುವುದು ಅತಿಯಾದೀತು. ಆದರೆ ಕೂಸಿಗೆಂದೇ ಮಾರುವ ಪೊಟ್ಟಣದ ಮೇಲೆ ಬಜೆ ಶೋಧಿಸಿದ್ದೋ ಅಲ್ಲವೋ, ಬೀಟಾ ಅಸರೋನ್ ಎಷ್ಟಿದೆ, ಯಾವ ವಯಸ್ಸಿನ ಕೆಳಗೆ ಬೇಡ ಎಂಬ ಮೂರು ಸಾಲು ಕನ್ನಡದಲ್ಲಿ ಅಚ್ಚು ಹಾಕಿಸುವುದು ಕಷ್ಟದ ಕೆಲಸವಲ್ಲ. ಎಣ್ಣೆ ಇಷ್ಟಕ್ಕಿಂತ ಕಡಿಮೆ ಇರಬಾರದು ಎಂದು ಅಳೆಯುವ ಪ್ರಯೋಗಾಲಯಕ್ಕೆ, ಆ ಎಣ್ಣೆಯಲ್ಲಿ ಏನೇನಿದೆ ಎಂದು ಅಳೆಯಲು ಬೇಕಾದ ಯಂತ್ರವೂ ಸಿಕ್ಕುತ್ತದೆ. ಅಸರೋನ್ ಕಡಿಮೆ ಇರುವ ತಳಿಗೆ ಕೊರಟಗೆರೆಯ ಮಂಡಿಯಲ್ಲಿ ನಾಲ್ಕು ಕಾಸು ಹೆಚ್ಚು ಸಿಗುವಂತಾದರೆ, ಅದನ್ನು ಬೆಳೆಯಲು ರೈತರಿಗೆ ಯಾರೂ ಉಪದೇಶ ಮಾಡಬೇಕಾಗಿಲ್ಲ.